ದೂರದ ಪಾಠ, ಹತ್ತಿರದ ಪಾಠ

ಉತ್ತರಹಳ್ಳಿಯ ದೊರೆಕೆರೆಯ ದಂಡೆಯ ಮೇಲೆ ಸಾಯಂಕಾಲದ ವಾಯುವಿಹಾರಕ್ಕೆ ಬರುವವರಲ್ಲಿ ಇಬ್ಬರು ಅಧ್ಯಾಪಕರುಂಟು. ಒಬ್ಬರು ಕನ್ನಡವನ್ನು ಬೋಧಿಸಿ ಬಹುಕಾಲದ ಹಿಂದೆಯೇ ನಿವೃತ್ತರಾದ ವೃದ್ಧರು. ಇನ್ನೊಬ್ಬರು ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ನಡುವಯಸ್ಸಿನ ಮಹಿಳೆ. ಆನ್‌ಲೈನ್ ಪಾಠದ ಪ್ರಸ್ತಾಪ ಬಂದಾಗ ವೃದ್ಧರು ಹಳೆಯ ಕೊಠಡಿಯ ಪಕ್ಷವನ್ನೂ ಕಿರಿಯರು ಹೊಸ ಯಂತ್ರದ ಪಕ್ಷವನ್ನೂ ವಹಿಸುವರೆಂದು ವಾಚಕರು ಎಣಿಸುವುದು ಸಹಜ. ನಡೆದದ್ದು ಹಾಗಲ್ಲ.

ಅಧ್ಯಾಪಕಿ: ಮುಂದಿನ ಸೆಮಿಸ್ಟರಿನಿಂದ ನಮ್ಮಲ್ಲಿ ಕೆಲವು ವಿಷಯಗಳನ್ನು ‘ಸ್ವಯಂ’ ವೇದಿಕೆಯ ಪಾಠಗಳಿಗೇ ಒಪ್ಪಿಸಿಬಿಡುವ ಮಾತು ನಡೆದಿದೆ. ಒಂದು ಸೆಮಿಸ್ಟರಿನ ವಿಷಯಗಳಲ್ಲಿ ನೂರಕ್ಕೆ 40ರವರೆಗೆ ಆ ಮಾರ್ಗವಾಗಿ ಓದಬಹುದೆಂದು ಯುಜಿಸಿಯವರು 2021ರಲ್ಲಿಯೇ ಅನುಮತಿಯಿತ್ತಿರುವುದರಿಂದ ಇದು ನಿಯಮಬಾಹಿರವೇನೂ ಅಲ್ಲ. ವೆಚ್ಚದ ದೃಷ್ಟಿಯಿಂದ ಲಾಭಕರವೂ ಹೌದು. ಆದರೆ ಮಕ್ಕಳು ಬೆಳಗಿನ ಬಸ್ಸು ಹಿಡಿದು, ಕೆಂಗೇರಿ ರಸ್ತೆಯ ಧೂಳನ್ನೆಲ್ಲ ಕುಡಿದು ಬಂದು, ಕಾಲೇಜಿನ ಕೊಠಡಿಯಲ್ಲಿ ಕುಳಿತು, ಮದ್ರಾಸಿನಲ್ಲಿಯೋ ಖರಗಪುರದಲ್ಲಿಯೋ ಎಂದೋ ಚಿತ್ರೀಕರಿಸಿದ ಪ್ರವಚನವನ್ನು ತೆರೆಯ ಮೇಲೆ ನೋಡುವುದಾದರೆ, ಆ ಕೊಠಡಿಯಲ್ಲಿ ನಾನು ಇರುವುದೇತಕ್ಕೆ?

ನಿವೃತ್ತರು: ತಮ್ಮ ಉದ್ಯೋಗದ ಪ್ರಶ್ನೆಯನ್ನೂ ವಿದ್ಯೆಯ ಪ್ರಶ್ನೆಯನ್ನೂ ಬೇರೆಬೇರೆಯಾಗಿ ಇಟ್ಟುಕೊಂಡರೆ ಮಾತು ಸುಗಮವಾದೀತು. ಐ.ಐ.ಟಿ.ಗಳೂ ನಮ್ಮ ಊರಿನ ವಿಜ್ಞಾನ ಸಂಸ್ಥೆಯೂ ಕೂಡಿ ಎನ್‌ಪಿಟಿಇಎಲ್ ಯೋಜನೆಯನ್ನು ಆರಂಭಿಸಿದ್ದು 2003ರಲ್ಲಿ. ಪ್ರವೇಶ ಪರೀಕ್ಷೆಯೆಂಬ ಕೋಟೆಬಾಗಿಲಿನ ಹೊರಗೆ ನಿಂತ ಲಕ್ಷಾಂತರ ಹುಡುಗರಿಗೆ ಒಳಗಿನ ಆಚಾರ್ಯರ ಮಾತು ಕೇಳಿಸುವಂತಾದದ್ದು ಅಂದಿನಿಂದ. ಅದನ್ನು ಅಲ್ಪವೆಂದು ಹೇಳಲು ನನಗೆ ನಾಲಗೆ ಬಾರದು. ನಾನು ಹುಟ್ಟಿದ್ದು ಇದೇ ಊರಿನಲ್ಲಿ. ಆಗ ಇದು ಬೆಂಗಳೂರಲ್ಲ, ಬೆಂಗಳೂರಿಗೆ ಸಮೀಪದ ಒಂದು ಹಳ್ಳಿ. ಬಸವನಗುಡಿಯ ನ್ಯಾಷನಲ್ ಕಾಲೇಜು ಇಲ್ಲಿಂದ ಐದು ಮೈಲಿಗಳಷ್ಟು ದೂರ. ನಾನು ಆ ದಾರಿಯನ್ನು ನಡೆದೆನೆಂದು ಹೇಳಿ ಪ್ರಶಂಸೆಯನ್ನು ಸಂಪಾದಿಸಬಹುದು. ಆದರೆ ಅದೇ ಬೀದಿಯ ಹೆಣ್ಣುಮಕ್ಕಳಲ್ಲಿ ಒಬ್ಬಳೂ ನಡೆಯಲಿಲ್ಲವೆಂಬುದು ಆ ಪ್ರಶಂಸೆಯ ಹಿಂಬದಿಯಲ್ಲಿ ಇರುವ ಸಂಗತಿ. ಗುರುಸನ್ನಿಧಿಯನ್ನು ಹೊಗಳುವವರು ಆ ಸನ್ನಿಧಿಗೆ ಯಾರು ಯಾರು ತಲುಪಲಿಲ್ಲವೆಂಬ ಲೆಕ್ಕವನ್ನು ಸಾಮಾನ್ಯವಾಗಿ ಕೊಡುವುದಿಲ್ಲ.

ಅಧ್ಯಾಪಕಿ: ತಲುಪಿದವರಿಗೆ ದೊರೆತದ್ದೇನು ಎಂಬುದನ್ನಾದರೂ ಸ್ಮರಿಸಬೇಡವೇ? ರಾಧಾಕೃಷ್ಣನ್ ಅವರು 1921ರಲ್ಲಿ ಮಹಾರಾಜಾ ಕಾಲೇಜನ್ನು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆಗಳನ್ನು ಬಿಚ್ಚಿ, ತಾವೇ ನೊಗಕ್ಕೆ ಹೆಗಲುಕೊಟ್ಟು, ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರಂತೆ. ತೆರೆಯ ಮೇಲಿನ ಅಧ್ಯಾಪಕನಿಗೆ ಅಂತಹ ಬೀಳ್ಕೊಡುಗೆ ದೊರಕಿದ್ದನ್ನು ನಾನು ಕೇಳಿಲ್ಲ.

ನಿವೃತ್ತರು: ಮಹಾರಾಜಾ ಕಾಲೇಜಿನಲ್ಲಿ ಆ ಮುಂಚೆಯೂ ಆ ಮೇಲೆಯೂ ಎಷ್ಟೋ ಜನ ಪಾಠ ಹೇಳಿದರು, ಅವರೂ ವಿದ್ಯಾರ್ಥಿಗಳ ಎದುರಿನಲ್ಲಿಯೇ ನಿಂತು ಹೇಳಿದರು, ಅವರ ಗಾಡಿಯನ್ನು ಕುದುರೆಗಳೇ ಎಳೆದವು. ಒಬ್ಬ ಮಹಾನುಭಾವನ ಕಥೆಯಿಂದ ಕೊಠಡಿಯ ಮಹಿಮೆಯನ್ನು ಸ್ಥಾಪಿಸಲಾಗದು. ಸಾಮಾನ್ಯ ಕೊಠಡಿಯ ಸ್ಥಿತಿ ತಮಗೂ ಗೊತ್ತು, ನನಗೂ ಗೊತ್ತು. ಹಳದಿಗಟ್ಟಿದ ಟಿಪ್ಪಣಿಯ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು, ಅರ್ಧವಿರಾಮ ಪೂರ್ಣವಿರಾಮಗಳನ್ನು ಸಹ ಬಾಯಿಂದ ಉಚ್ಚರಿಸುತ್ತ ಗಂಟೆ ಹೊಡೆಯುವವರೆಗೆ ನೋಟ್ಸ್ ಬರೆಯಿಸಿ, ಹಾಜರಿಯನ್ನು ಕೂಗಿ ಹೊರಟುಹೋಗುವ ಉಪನ್ಯಾಸಕನಿಗೂ ಎದುರಿಗಿರುವ ಎಂಬತ್ತು ಮಂದಿಗೂ ನಡುವೆ ಇರುವ ಅಂತರ ಎಷ್ಟು? ಮೈಸೂರಿನಿಂದ ಅಂಚೆಯಲ್ಲಿ ಬರುತ್ತಿದ್ದ ಪಾಠಕ್ಕಿಂತ ಅದು ಹತ್ತಿರವೆಂದು ನಾನು ಒಪ್ಪಲಾರೆ. ನೂರಕ್ಕೆ 75 ಹಾಜರಿಯ ಕಟ್ಟಳೆ ಇಲ್ಲದಿದ್ದರೆ ಆ ಕೊಠಡಿಯಲ್ಲಿ ಎಷ್ಟು ಜನ ಉಳಿಯುತ್ತಿದ್ದರು?

ಅಧ್ಯಾಪಕಿ: ಅಂಚೆಯ ಪಾಠದ ಬಗೆಗೆ ತಮಗೆ ಪಕ್ಷಪಾತವಿದೆ; ಅದನ್ನು ಬರೆದವರಲ್ಲಿ ತಾವೂ ಒಬ್ಬರು.

ನಿವೃತ್ತರು: ಇದೆ, ಮುಚ್ಚಿಡುವುದಿಲ್ಲ. ದೆಹಲಿ ವಿಶ್ವವಿದ್ಯಾನಿಲಯವು 1962ರಲ್ಲಿ ಅಂಚೆ ಶಿಕ್ಷಣವನ್ನು ಆರಂಭಿಸಿದ ಮೇಲೆ, ಆ ದಶಕ ಮುಗಿಯುವ ಹೊತ್ತಿಗೆ ಮೈಸೂರು ವಿಶ್ವವಿದ್ಯಾನಿಲಯವೂ ಅದಕ್ಕಾಗಿ ಪ್ರತ್ಯೇಕ ಸಂಸ್ಥೆಯೊಂದನ್ನು ತೆರೆಯಿತು. ಅದಕ್ಕೂ ಹಿಂದೆ, ಮೂವತ್ತರ ದಶಕದಲ್ಲಿಯೇ, ಅದೇ ವಿಶ್ವವಿದ್ಯಾನಿಲಯದ ಪಂಡಿತರು ಹಳ್ಳಿಗಳಿಗೆ ಹೋಗಿ ಪ್ರಚಾರೋಪನ್ಯಾಸಗಳನ್ನು ಕೊಟ್ಟು, ಅವನ್ನೇ ಚಿಕ್ಕ ಹೊತ್ತಗೆಗಳಾಗಿ ಅತ್ಯಲ್ಪ ಬೆಲೆಗೆ ಹಂಚುತ್ತಿದ್ದರು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಪುಟ್ಟ ಪ್ರಸಾರಯಂತ್ರವನ್ನಿಟ್ಟು ‘ಆಕಾಶವಾಣಿ’ಯನ್ನು ನಡೆಯಿಸಿದರಲ್ಲ, ಆ ಹೆಸರನ್ನು ಮುಂದೆ ದೇಶವೇ ಎತ್ತಿಕೊಂಡಿತು. ಕಾಲೇಜಿನ ಗೋಡೆಯೊಳಗೆ ನಿಂತ ಮಾತು ಗೋಡೆಯ ಹೊರಗೂ ಹೋಗಬೇಕೆಂಬ ತವಕ ನಮ್ಮ ನಾಡಿನ ಅಧ್ಯಾಪಕರಿಗೆ ಕರೋನಾ ಕಲಿಸಿಕೊಟ್ಟದ್ದಲ್ಲ. ಅಂಚೆಯ ಪಾಠಗಳಿಗೆ ಉತ್ತರಪತ್ರಿಕೆಗಳು ಬರುತ್ತಿದ್ದುವು: ಹೊಸದುರ್ಗದ ಪ್ರಾಥಮಿಕ ಶಾಲೆಯ ಮೇಷ್ಟರದು, ತುಮಕೂರಿನ ಕಂಡಕ್ಟರರದು, ಸಾಗರದಲ್ಲೆಲ್ಲೋ ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದ ಒಬ್ಬ ಹೆಣ್ಣುಮಗಳದು. ಆಕೆಯ ಮುಖವನ್ನು ನಾನು ಕಂಡದ್ದಿಲ್ಲ. ಆದರೆ ಅಂಚಿನಲ್ಲಿ ಕೆಂಪು ಶಾಯಿಯಿಂದ ನಾನು ಬರೆದ ಪ್ರಶ್ನೆಗೆ ಮುಂದಿನ ಪತ್ರಿಕೆಯ ಅಂಚಿನಲ್ಲಿ ಆಕೆ ಮರುಪ್ರಶ್ನೆ ಹಾಕುತ್ತಿದ್ದಳು. ಹಳಗನ್ನಡ ವ್ಯಾಕರಣವನ್ನು ಕುರಿತ ಆ ಜಗಳ ಒಂದು ವರ್ಷ ನಡೆಯಿತು. ಕೊಠಡಿಯಲ್ಲಿ ಮೊದಲ ಬೆಂಚಿನಲ್ಲಿದ್ದವರೊಡನೆ ಅಂತಹ ಜಗಳದ ಭಾಗ್ಯ ನನಗೆ ಬಹಳ ಸಲ ಒದಗಲಿಲ್ಲ.

ಅಧ್ಯಾಪಕಿ: ಹಾಗಾದರೆ ತಾವು ನನ್ನ ಪಕ್ಷವನ್ನೇ ಸಮರ್ಥಿಸಿದಿರಿ. ಅಲ್ಲಿ ಪಾಠ ಮಾಡಿದ್ದು ಅಂಚೆಯಲ್ಲ, ಅಂಚಿನ ಕೆಂಪು ಶಾಯಿ. ಈಗಿನ ಆನ್‌ಲೈನ್ ಪಾಠದಲ್ಲಿ ಕಾಣೆಯಾಗಿರುವುದು ಆ ಶಾಯಿಯೇ. ನಾನು ವಿದ್ಯಾರ್ಥಿನಿಯಾಗಿದ್ದಾಗ 2004ರ ಸೆಪ್ಟೆಂಬರಿನಲ್ಲಿ ಎಡ್ಯುಸ್ಯಾಟ್ ಉಪಗ್ರಹವನ್ನು ಹಾರಿಸಿದರು. ಅದರ ಮೊದಲ ಪ್ರಯೋಗಕ್ಕೆ ಆಯ್ಕೆಯಾದವುಗಳಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವೂ ಒಂದು. ಮೈಸೂರಿನ ಕೇಂದ್ರದಿಂದ ಹೊರಟ ಉಪನ್ಯಾಸ ಅಂತರಿಕ್ಷಕ್ಕೆ ಏರಿ, ಮರಳಿ ಇಳಿದು, ನಮ್ಮ ಕಾಲೇಜಿನ ಕತ್ತಲ ಕೊಠಡಿಯ ಪರದೆಯ ಮೇಲೆ ಬೀಳುತ್ತಿತ್ತು. ಅಷ್ಟು ದೂರ ಪ್ರಯಾಣ ಮಾಡಿ ಬಂದ ವಿದ್ಯೆಯ ಎದುರಿಗೆ ನಾವು ಮೂರನೆಯ ವಾರದಿಂದ ನಿದ್ರೆ ಮಾಡಿದೆವು. ಸಂದೇಹವಿದ್ದರೆ ಕೇಳಬಹುದೆಂದು ಹೇಳಿದ್ದರು. ಆದರೆ ಸಂದೇಹವೆಂಬುದು ಹಾಗೆ ಸಿದ್ಧವಾಗಿ ನಾಲಗೆಯ ತುದಿಯಲ್ಲಿ ಇರುವ ವಸ್ತುವೇ? ತನಗೆ ಅರ್ಥವಾಗಿಲ್ಲವೆಂಬುದು ಬಹಳ ಮಂದಿಗೆ ಗೊತ್ತೇ ಇರುವುದಿಲ್ಲ. ಅದು ಮೊದಲು ತಿಳಿಯುವುದು ಎದುರಿಗೆ ನಿಂತವನಿಗೆ. ಟ್ರಾನ್ಸಿಸ್ಟರಿನ ಬಯಾಸಿಂಗ್ ಹೇಳಿಕೊಡುವಾಗ ಮೂರನೆಯ ಸಾಲಿನ ಹುಡುಗನ ಹುಬ್ಬು ಸ್ವಲ್ಪ ಕೆಳಗಿಳಿದರೆ, ನಾನು ಬೇಸ್ ಕರೆಂಟಿನ ಮಾತನ್ನು ಅಲ್ಲಿಗೇ ಬಿಟ್ಟು ಹಿಂದಕ್ಕೆ ಹೋಗಿ ಲೋಡ್ ಲೈನನ್ನು ಮತ್ತೆ ಎಳೆಯುತ್ತೇನೆ. ಆ ಹುಬ್ಬು ಯಾವ ಕ್ಯಾಮರಾಕ್ಕೆ ಕಂಡೀತು?

ನಿವೃತ್ತರು: 2020ರ ಅನುಭವ ತಮಗೆ ಕಹಿಯಾಗಿರಬೇಕು.

ಅಧ್ಯಾಪಕಿ: ಮಾರ್ಚ್ ಮಧ್ಯದಲ್ಲಿ ಮುಚ್ಚಿದ ಕಾಲೇಜುಗಳು ಮತ್ತೆ ಬಾಗಿಲು ತೆರೆದದ್ದು ನವೆಂಬರ್ 17ರಂದು, ಆಗಲೂ ಬರುವುದು ಬಿಡುವುದು ವಿದ್ಯಾರ್ಥಿಯ ಇಚ್ಛೆ. ಆ ಎಂಟು ತಿಂಗಳು ನಾನು ಕಪ್ಪು ಚೌಕಗಳಿಗೆ ಪಾಠ ಹೇಳಿದೆ. ಕ್ಯಾಮರಾ ಹಾಕಿರೆಂದು ಒತ್ತಾಯಿಸಲು ಮನಸ್ಸು ಬರುತ್ತಿರಲಿಲ್ಲ. ಒಂದೇ ಕೋಣೆಯ ಮನೆಯಲ್ಲಿ ಅಡುಗೆ, ಜ್ವರದ ಅಜ್ಜಿ, ತಂಗಿಯ ಪಾಠ ಎಲ್ಲವೂ ನಡೆಯುತ್ತಿರುವಾಗ ಹುಡುಗಿಯೊಬ್ಬಳು ಅದನ್ನೆಲ್ಲ ಸಹಪಾಠಿಗಳಿಗೆ ಏಕೆ ತೋರಿಸಬೇಕು? ಮಲೆನಾಡಿನ ಊರುಗಳಿಗೆ ಮರಳಿದವರು ಸಿಗ್ನಲ್ಲಿಗಾಗಿ ಗುಡ್ಡ ಹತ್ತುತ್ತಿದ್ದರು, ಮರ ಹತ್ತುತ್ತಿದ್ದರು. ಪತ್ರಿಕೆಗಳು ಅವರ ಚಿತ್ರವನ್ನು ಛಲದ ದೃಷ್ಟಾಂತವೆಂದು ಮುದ್ರಿಸಿದುವು. ಮರದ ಮೇಲೆ ಕುಳಿತು ಕೇಳಿದವನು ಫೋರಿಯರ್ ಶ್ರೇಣಿಯನ್ನು ಎಷ್ಟು ಕಲಿತನೆಂದು ಯಾರೂ ಬರೆಯಲಿಲ್ಲ. ಮರುವರ್ಷ ಸರ್ಕಾರದವರು ಸರ್ಕಾರಿ ಕಾಲೇಜುಗಳ ಒಂದೂವರೆ ಲಕ್ಷದಷ್ಟು ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಿದರು, ಒಳ್ಳೆಯದೇ. ಪ್ರಯೋಗಶಾಲೆಯನ್ನು ಹಂಚಲು ಮಾತ್ರ ಯಾರಿಂದಲೂ ಆಗಲಿಲ್ಲ. ಬೆಸುಗೆ ಕಡ್ಡಿಯನ್ನು ಕೈಯಲ್ಲಿ ಹಿಡಿಯದೆಯೇ ಎರಡು ಸೆಮಿಸ್ಟರು ದಾಟಿದವರು ಈಗ ಇಂಜಿನಿಯರುಗಳಾಗಿದ್ದಾರೆ.

ನಿವೃತ್ತರು: ಆಪತ್ಕಾಲದ ಧರ್ಮವನ್ನು ಸಾಮಾನ್ಯ ಕಾಲದ ಧರ್ಮಕ್ಕೆ ಪ್ರಮಾಣವಾಗಿ ಇಡುವುದು ನ್ಯಾಯವಲ್ಲ. ಪ್ರಯೋಗಶಾಲೆಯ ಮಾತನ್ನು ಒಪ್ಪಿದೆ; ಯುಜಿಸಿಯ 2020ರ ನಿಯಮಾವಳಿಯೂ ಇಂಜಿನಿಯರಿಂಗ್, ವೈದ್ಯಕೀಯ, ಕಾನೂನು ಮೊದಲಾದುವನ್ನು ದೂರಶಿಕ್ಷಣದ ಹೊರಗೇ ಇಟ್ಟಿದೆ. ಅಷ್ಟನ್ನು ಬಿಟ್ಟು ಉಳಿದ ವಿದ್ಯೆಗಳ ಮಾತನಾಡೋಣ.

ಅಧ್ಯಾಪಕಿ: ಸಾಮಾನ್ಯ ಕಾಲದ ಲೆಕ್ಕವೂ ಇದೆ. ಹಾರ್ವರ್ಡ್ ಮತ್ತು ಎಂ.ಐ.ಟಿ.ಗಳು 2012ರಲ್ಲಿ ಉಚಿತ ಆನ್‌ಲೈನ್ ಪಾಠಗಳನ್ನು ತೆರೆದಾಗ ಮೊದಲ ವರ್ಷದ 17 ಪಾಠಗಳಿಗೆ ಎಂಟು ಲಕ್ಷ ನಲವತ್ತು ಸಾವಿರಕ್ಕೂ ಮೇಲ್ಪಟ್ಟು ನೋಂದಣಿಗಳಾದುವು. ಪ್ರಮಾಣಪತ್ರ ದೊರೆತದ್ದು ಸುಮಾರು 43,000. ನೂರಕ್ಕೆ ಐದು. ಬಾಗಿಲು ವಿಶಾಲವಾಗಿರಬಹುದು, ಒಳಗೆ ಹೊಕ್ಕವರು ಉಳಿಯಲಿಲ್ಲ.

ನಿವೃತ್ತರು: ಆ ಐದರಲ್ಲಿ ಎಷ್ಟು ಜನರಿಗೆ ಹಾರ್ವರ್ಡಿನ ಮೆಟ್ಟಿಲು ಹತ್ತುವ ಯೋಗವಿತ್ತು? ನಲವತ್ತಮೂರು ಸಾವಿರ ಎಂಬುದು ಸಣ್ಣ ಸಂಖ್ಯೆಯಲ್ಲ ತಾಯಿ. ಡಿ.ವಿ.ಜಿ.ಯವರು ಮೆಟ್ರಿಕ್ಯುಲೇಷನ್ನನ್ನೂ ದಾಟಿದವರಲ್ಲ. ಅಂತಹವರಿಗೆ ಮೈಸೂರು ವಿಶ್ವವಿದ್ಯಾನಿಲಯ 1961ರಲ್ಲಿ ಡಿ.ಲಿಟ್. ಕೊಟ್ಟು ತನ್ನನ್ನು ತಾನು ಗೌರವಿಸಿಕೊಂಡಿತು. ಕಾಲೇಜಿನ ಬೆಂಚು ಇಲ್ಲದೆಯೂ ವಿದ್ವತ್ತು ಕೈಗೂಡುತ್ತದೆ.

ಅಧ್ಯಾಪಕಿ: ಅವರು ಕಾಲೇಜಿಗೆ ಹೋಗಲಿಲ್ಲ, ನಿಜ, ವಿದ್ವಾಂಸರ ಮನೆಗಳಿಗೆ ಹೋದರು. ಗೋಖಲೆ ಸಂಸ್ಥೆಯನ್ನು ಕಟ್ಟಿದ ಮೇಲೆ ತಾವೇ ಜನರನ್ನು ಕೂರಿಸಿಕೊಂಡು ಪಾಠ ಹೇಳಿದರು. ಎಚ್. ನರಸಿಂಹಯ್ಯನವರನ್ನು ನೋಡಿ: ಅಮೆರಿಕದಲ್ಲಿ ಪರಮಾಣು ಬೀಜ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದವರು, ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಯಾದವರು, ಬಾಳಿದ್ದು ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿ. ಅವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಸ್ಥಾಪಿಸಿ, ವಾರವಾರವೂ ವಿಜ್ಞಾನಿಗಳನ್ನು ಕರೆಯಿಸಿ ಉಪನ್ಯಾಸ ಮಾಡಿಸಿದರು. ಪುಸ್ತಕದಲ್ಲಿ ಇಲ್ಲದ ಯಾವ ವಿಜ್ಞಾನ ಅಲ್ಲಿ ಇತ್ತು? ಆದರೂ ಜನ ಹೋದರು. ಪಕ್ಕದಲ್ಲಿ ಕುಳಿತ ಅಪರಿಚಿತನು ಕೇಳುವ ಪ್ರಶ್ನೆ ನಾವು ಕೇಳಬೇಕೆಂದು ತೋರದೆ ಇದ್ದ ಪ್ರಶ್ನೆಯಾಗಿರುತ್ತದೆ. ಅದನ್ನು ಕೇಳಿಸಿಕೊಳ್ಳುವುದಕ್ಕಾಗಿ ಹೋದರೆಂದು ನನ್ನ ಭಾವನೆ.

(ಇಷ್ಟು ಹೊತ್ತು ಪಕ್ಕದ ಕಲ್ಲುಬೆಂಚಿನ ಮೇಲೆ ಒಬ್ಬ ಮಹಿಳೆ ಕುಳಿತಿದ್ದರು. ಪೂರ್ಣಪ್ರಜ್ಞ ಬಡಾವಣೆಯ ಮನೆಯೊಂದರ ಮುಂಗೋಣೆಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟಿರುವವರು. ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ.ಗೆ ಕಟ್ಟಿಕೊಂಡಿರುವವರು. ಪಂಡಿತರ ಚರ್ಚೆಯಲ್ಲಿ, ಯಾರನ್ನು ಕುರಿತು ಚರ್ಚೆ ನಡೆಯುತ್ತದೆಯೋ ಅವರಿಗೆ ಮಾತನಾಡಲು ಅವಕಾಶ ದೊರೆಯುವುದು ಅಪೂರ್ವ. ಇಲ್ಲಿ ಅವರೇ ಅದನ್ನು ತೆಗೆದುಕೊಂಡರು.)

ವಿದ್ಯಾರ್ಥಿನಿ: ನಡುವೆ ಬಾಯಿ ಹಾಕುತ್ತೇನೆ, ತಪ್ಪು ತಿಳಿಯಬೇಡಿ. ನಾನು ಕರಾಮುವಿಯಲ್ಲಿ ಓದುತ್ತಿದ್ದೇನೆ. ಪಾಠ ಕೇಳುವುದು ಫೋನಿನಲ್ಲಿ, ಮಿಷನ್ ತುಳಿಯುತ್ತ. ಕಾಲೇಜಿಗೆ ದಿನಾ ಬನ್ನಿ ಎಂದಿದ್ದರೆ ಈ ಜನ್ಮದಲ್ಲಿ ನನಗೆ ಎಂ.ಎ. ಇರಲಿಲ್ಲ.

ನಿವೃತ್ತರು: ಕೇಳಿದಿರಾ!

ವಿದ್ಯಾರ್ಥಿನಿ: ಸ್ವಲ್ಪ ತಾಳಿ ಸಾರ್. ಸಂಪರ್ಕ ತರಗತಿ ಬಂದಾಗ ಅಂಗಡಿ ಮುಚ್ಚಿ ಹೋಗುತ್ತೇನೆ. ಅಲ್ಲಿ ಹೊಸದಾಗಿ ಏನೂ ಹೇಳುವುದಿಲ್ಲ. ಆದರೂ ಊಟದ ಹೊತ್ತಿನಲ್ಲಿ ನಾಲ್ಕು ಜನ ಕೂತು, ನಿನಗೆ ಅರ್ಥವಾಯಿತಾ, ನನಗೂ ಇಲ್ಲ ಎಂದು ಹೇಳಿಕೊಂಡರೆ ಮನಸ್ಸಿಗೆ ಒಂದು ಧೈರ್ಯ. ನನ್ನ ಕಷ್ಟ ಬೇರೆ. ಅಸೈನ್‌ಮೆಂಟ್ ಬರೆದು ಕೊಡುತ್ತೇನೆ, ಅಂಕ ಬರುತ್ತದೆ. ಎಲ್ಲಿ ತಪ್ಪಿದೆ ಅನ್ನುವುದು ಬರುವುದಿಲ್ಲ. ಅಳತೆ ಕೇಳದೆ ಹೊಲಿದುಕೊಟ್ಟ ರವಿಕೆಯ ಹಾಗೆ. ಬಟ್ಟೆ ಒಳ್ಳೆಯದೇ, ಹೊಲಿಗೆಯೂ ಒಳ್ಳೆಯದೇ.

ಅಧ್ಯಾಪಕಿ: ಪದವಿಯ ಬೆಲೆಯ ಬಗೆಗೆ ಅಂಜಿಕೆಯಿಲ್ಲವೇ? ಆ ವಿಶ್ವವಿದ್ಯಾನಿಲಯದ ಮಾನ್ಯತೆಯೇ ನಡುವೆ ಹೋಗಿತ್ತು.

ನಿವೃತ್ತರು: ಹೋಗಿತ್ತು, ಬಂದಿತು. ಅದರ ಕಾರಣವನ್ನು ಹೇಳಲೇಬೇಕು. ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಮುಂದೆ ಅದು ರಾಜ್ಯದ ಎಲ್ಲೆಯನ್ನು ದಾಟಿ, ಖಾಸಗಿ ಸಂಸ್ಥೆಗಳ ಕೈಹಿಡಿದು, ತಾಂತ್ರಿಕ ಪದವಿಗಳವರೆಗೆ ಕೈಚಾಚಿತು. ಯುಜಿಸಿಯವರು 2015ರಲ್ಲಿ ಮಾನ್ಯತೆಯನ್ನು ಹಿಂತೆಗೆದುಕೊಂಡರು. 2018ರಲ್ಲಿ ಮರಳಿ ಕೊಟ್ಟರು. ನಡುವಿನ ವರ್ಷಗಳ ವಿದ್ಯಾರ್ಥಿಗಳು ಅಂಕಪಟ್ಟಿಗಳನ್ನು ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದರು. ದೂರದಿಂದ ಕಲಿಸಿದ್ದು ಅಲ್ಲಿಯ ದೋಷವಾಗಿರಲಿಲ್ಲ. ಕಲಿಸುವವನಿಲ್ಲದೆ ಪದವಿಯನ್ನು ಹಂಚುವ ಮಳಿಗೆಗಳಿಗೆ ದೂರವೆಂಬುದು ಅನುಕೂಲವಾದ ತೆರೆಯಾಯಿತು. ಕೊಠಡಿಯಲ್ಲಿ ಅಧ್ಯಾಪಕನಿಲ್ಲದಿದ್ದರೆ ಖಾಲಿ ಕುರ್ಚಿಯಾದರೂ ಕಾಣುತ್ತದೆ. ಆ ಮಟ್ಟಿಗೆ ಕೊಠಡಿಯ ಪಕ್ಷಕ್ಕೆ ಒಂದು ಅಂಕ ಕೊಡುತ್ತೇನೆ.

ಅಧ್ಯಾಪಕಿ: ಅದನ್ನು ಸ್ವೀಕರಿಸಿ ನಾನೂ ಒಂದನ್ನು ಕೊಡುತ್ತೇನೆ. ದೂರಶಿಕ್ಷಣದ ಪದವಿಯೂ ಕೊಠಡಿಯ ಪದವಿಯೂ ಸಮಾನವೆಂದು ಯುಜಿಸಿಯವರು 2022ರಲ್ಲಿ ಪ್ರಕಟಿಸಿದಾಗ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಬಹಳ ನಗೆಯಾಡಿದೆವು. ಎಂಬತ್ತು ಮಂದಿಯ ಪತ್ರಿಕೆಗಳನ್ನು ಎರಡು ರಾತ್ರಿಗಳಲ್ಲಿ ತಿದ್ದಿ ಮುಗಿಸುವ ನಾವೂ ಅಂಕವನ್ನಷ್ಟೇ ಬರೆಯುತ್ತೇವೆ. ಇವರ ದೂರು ನಮ್ಮ ಬಾಗಿಲಿಗೂ ಬರುತ್ತದೆ. ಇರಲಿ. ನೀವು ಎಲ್ಲಿ ತಪ್ಪಿದ್ದೆಂದು ತಿಳಿಯಲಿಲ್ಲವೆಂದಿರಿ, ಯಾವ ವಿಷಯ?

ವಿದ್ಯಾರ್ಥಿನಿ: ಛಂದಸ್ಸು ಮೇಡಂ. ಕಂದಪದ್ಯದ ಲಕ್ಷಣ. ಪಾಠ ಎರಡು ಸಲ ಕೇಳಿದೆ. ಆಮೇಲೆ ನಾನೇ ಒಂದು ಕಟ್ಟಿ ನೋಡೋಣ ಎಂದು ಕೂತೆ. ಸಾಲಿಗೆ ಹನ್ನೆರಡು, ಇಪ್ಪತ್ತು, ಹನ್ನೆರಡು, ಇಪ್ಪತ್ತು, ಒಟ್ಟು ಅರುವತ್ತನಾಲ್ಕು ಮಾತ್ರೆ ಸರಿಯಾಗಿದೆ. ಬಾಯಲ್ಲಿ ಹೇಳಿದರೆ ಮೊದಲಲ್ಲೇ ಎಡವುತ್ತದೆ.

ನಿವೃತ್ತರು: ಮೊದಲ ಪದ ಯಾವುದು?

ವಿದ್ಯಾರ್ಥಿನಿ: ‘ವಿಶಾಲ’.

ನಿವೃತ್ತರು: ಲಘು, ಗುರು, ಲಘು, ಜಗಣ. ಕಂದದ ವಿಷಮಸ್ಥಾನಗಳಲ್ಲಿ, ಎಂದರೆ ಒಂದು, ಮೂರು, ಐದು, ಏಳನೆಯ ಗಣಗಳಲ್ಲಿ ಜಗಣ ಬರಲಾಗದು.

ಅಧ್ಯಾಪಕಿ: ಏಕೆ?

ನಿವೃತ್ತರು: ಶಾಸ್ತ್ರದ ಕಟ್ಟಳೆ.

ಅಧ್ಯಾಪಕಿ: ಆ ಉತ್ತರವನ್ನು ಅವರ ಫೋನೇ ಕೊಡುತ್ತದೆ. ಮಾತ್ರೆ ನಾಲ್ಕೇ ಇದ್ದ ಮೇಲೆ ಈ ಒಂದು ಗಣಕ್ಕೆ ಮಾತ್ರ ಬಹಿಷ್ಕಾರವೇಕೆ?

ನಿವೃತ್ತರು: ಇಷ್ಟು ವರ್ಷ ಪಾಠ ಹೇಳಿದೆ, ಯಾರೂ ಕೇಳಿರಲಿಲ್ಲ. ಕೇಳಲು ನಾನು ಬಿಟ್ಟಿರಲಿಲ್ಲವೋ ಏನೋ. ತಾಳಿ, ನಾಲ್ಕು ಮಾತ್ರೆಯನ್ನು ತೊಡೆಯ ಮೇಲೆ ಎರಡೆರಡಾಗಿ ತಟ್ಟೋಣ.

ಅಧ್ಯಾಪಕಿ: ವಿ, ಶಾ, ಲ. ‘ಶಾ’ ಎರಡು ಮತ್ತು ಮೂರನೆಯ ಮಾತ್ರೆಗಳನ್ನು ಹಿಡಿದುಕೊಂಡಿದೆ. ಎರಡನೆಯ ತಟ್ಟು ಬೀಳಬೇಕಾದ್ದು ಮೂರನೆಯ ಮಾತ್ರೆಯ ಆರಂಭದಲ್ಲಿ; ಅದು ದೀರ್ಘದ ನಡುಮಧ್ಯಕ್ಕೆ ಬಿದ್ದು ಸ್ವರವನ್ನು ಸೀಳುತ್ತದೆ. ಬೇರೆ ಯಾವ ಗಣದಲ್ಲಿಯೂ ಹಾಗಾಗದು. ನಾಲ್ಕು ಲಘುವಾದರೂ, ಗುರು ಮೊದಲಿದ್ದರೂ, ಕೊನೆಯಲ್ಲಿದ್ದರೂ ಎರಡು ಎರಡಾಗಿ ಒಡೆಯುತ್ತವೆ.

ನಿವೃತ್ತರು: ಸರಿ, ಸರಿ. ಹೆಜ್ಜೆ ಊರಬೇಕಾದ ಕಡೆಗಳಲ್ಲಿ ಅದು ಊರಗೊಡದು, ಅದಕ್ಕೇ ಬೇಡವೆಂದರು.

ವಿದ್ಯಾರ್ಥಿನಿ: ಆದರೆ ಸಾರ್, ಆರನೆಯ ಗಣ ಜಗಣವೇ ಆಗಬೇಕು, ಇಲ್ಲವೇ ನಾಲ್ಕೂ ಲಘು ಆಗಬೇಕು ಎಂದು ಪುಸ್ತಕದಲ್ಲಿದೆ. ಅಲ್ಲಿ ಎಡವಲಿ ಎಂದು ಬೇಕಂತಲೇ ಇಟ್ಟರೇ?

ನಿವೃತ್ತರು: ಬೇಕೆಂದೇ ಇಟ್ಟಿರಬೇಕು. ಮೊದಲ ಸಾಲಿಗೆ ಮೂರು ಗಣ, ಎರಡನೆಯದಕ್ಕೆ ಐದು. ಆರನೆಯದೆಂದರೆ ಆ ನೀಳವಾದ ಸಾಲಿನ ನಟ್ಟನಡುವೆ. ಏಕತಾನದಲ್ಲಿ ಐದು ಹೆಜ್ಜೆ ಸಾಗುವ ಸಾಲನ್ನು ಅಲ್ಲಿ ಒಮ್ಮೆ ತಡೆದು ಬಿಡುತ್ತಾರೆ. ನಿಮ್ಮದರಲ್ಲಿ ಆರನೆಯದೇನು?

ವಿದ್ಯಾರ್ಥಿನಿ: ‘ಕೆರೆಯೊಳು’. ನಾಲ್ಕೂ ಲಘು.

ನಿವೃತ್ತರು: ಅದು ಕ್ಷೇಮ. ಮೊದಲ ಪದವನ್ನು ಮಾತ್ರ ತೆಗೆಯಿರಿ.

ಅಧ್ಯಾಪಕಿ: ‘ವಿಸ್ತೃತ’ ಎಂದರೆ? ಗುರು, ಲಘು, ಲಘು.

ನಿವೃತ್ತರು: ತಾಳಕ್ಕೆ ಹೊಂದುತ್ತದೆ, ಪ್ರಾಸಕ್ಕೆ ಹೊಂದದು. ನಾಲ್ಕು ಸಾಲುಗಳಲ್ಲಿಯೂ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು, ಅದರ ಹಿಂದಿನದು ನಾಲ್ಕರಲ್ಲಿಯೂ ಹ್ರಸ್ವವಾದರೆ ಹ್ರಸ್ವ, ಗುರುವಾದರೆ ಗುರು. ಉಳಿದ ಮೂರು ಸಾಲನ್ನು ಇವರು ಶಕಾರಕ್ಕೆ ಕಟ್ಟಿದ್ದಾರೆ.

ವಿದ್ಯಾರ್ಥಿನಿ: ಶಕಾರವೇ ಎರಡನೆಯದಾಗಿ, ಮೊದಲನೆಯದು ಹ್ರಸ್ವವಾಗಿ, ಜಗಣ ಆಗದೆ… ‘ದಶದಿಶೆ’ ಆಗುತ್ತದೆಯೇ?

ನಿವೃತ್ತರು: ನನ್ನನ್ನು ಕೇಳಬೇಡಿ. ತಟ್ಟಿ ನೋಡಿ.